ಹಗುರ ಬ್ಯಾರೆಲ್ ಬೇಕು, ಗುಂಡೂ ಜಾಸ್ತಿ ಹಾರಿಸಬೇಕು: ಯಾವುದನ್ನು ತಗೊಳ್ಳೋದು?

ನೀವು ಕೇಳಿದ್ದು ಇಷ್ಟು. ಎಆರ್-15 ಮಾದರಿಯ (ಅಮೆರಿಕದ ಸೇನೆಯ ಎಂ16ರ ನಾಗರಿಕ ರೂಪ), .223 ತೋಟೆ ಹಾರಿಸುವ ರೈಫಲ್, ದಿನವಿಡೀ ಹೊತ್ತು ತಿರುಗಿದರೂ ಕೈ ಸೋಲಬಾರದು, ಆದರೆ ರೇಂಜ್‌ಗೆ ಹೋದಾಗ ನೂರಾರು ಗುಂಡು ಹಾರಿಸುವ ಅಭ್ಯಾಸ. ಸಾದಾ ತೆಳು ಬ್ಯಾರೆಲ್ಲೋ, ಹೊರಮೈಗೆ ಫ್ಲೂಟ್ ಅಂದರೆ ಉದ್ದನೆಯ ತೋಡು ಕೊರೆದದ್ದೋ, ಕಾರ್ಬನ್ ಫೈಬರ್ ಸುತ್ತಿದ್ದೋ?

ಮೊದಲೇ ಹೇಳಿಬಿಡುತ್ತೇನೆ: 16 ಇಂಚಿನ, ಚೇಂಬರ್ (ತೋಟೆ ಕೂರುವ ಹಿಂಬದಿಯ ಗೂಡು) ಕಡೆ ದಪ್ಪಗಿದ್ದು ಮುಂದೆ ಹೋದಂತೆ ಸಣ್ಣಗಾಗುವ, ಒಳಗೆ ಕ್ರೋಮ್ ಲೇಪ ಇರುವ ಅಥವಾ ನೈಟ್ರೈಡ್ ಮಾಡಿದ (ಸಾರಜನಕದಿಂದ ಮೇಲ್ಮೈ ಗಟ್ಟಿ ಮಾಡಿದ) ಸಾದಾ ಉಕ್ಕಿನ ಬ್ಯಾರೆಲ್ ತಗೊಳ್ಳಿ. ನಾನು ಇಟ್ಟುಕೊಂಡಿರುವುದೂ ಇಂಥದ್ದೇ.

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಕಲಸಿಕೊಂಡಿವೆ. ಒಂದು, ಬ್ಯಾರೆಲ್ ಬೇಗ ಸವೆದುಹೋಗುತ್ತದಾ ಅನ್ನೋದು. ಇನ್ನೊಂದು, ಕಾದಾಗ ಗುರಿ ಅತ್ತಿತ್ತ ಆಗುತ್ತದಾ ಅನ್ನೋದು. ಹಗುರ ಬ್ಯಾರೆಲ್‌ನ ನಿಜವಾದ ಕಷ್ಟ ಎರಡನೆಯದು. ಸವೆತ ಶುರುವಾಗುವುದು ಚೇಂಬರ್ ಮುಗಿದು ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳು) ಆರಂಭವಾಗುವ ಜಾಗದಲ್ಲಿ, ಮದ್ದು ಉರಿದ ಬಿಸಿ ಅನಿಲ ಅತಿ ಜೋರಾಗಿ ಉಜ್ಜಿಕೊಂಡು ಹೋಗುವ ಆ ಒಂದೆರಡು ಇಂಚಿನಲ್ಲಿ. ಅಲ್ಲಿ ಹೊರಗಿನ ದಪ್ಪಕ್ಕಿಂತ ಯಾವ ತೋಟೆ, ಎಷ್ಟು ಮದ್ದು, ಎಷ್ಟು ಬೇಗಬೇಗ ಹಾರಿಸುತ್ತೀರಿ ಅನ್ನೋದೇ ಮುಖ್ಯ. .223 ಮತ್ತು .308 ಈ ವಿಷಯದಲ್ಲಿ ಸಾಧು ತೋಟೆಗಳು, ಐದಾರು ಸಾವಿರ ಗುಂಡಿನವರೆಗೆ ಒಳ್ಳೆ ನಿಖರತೆ ಕೊಡುವ ಬ್ಯಾರೆಲ್‌ಗಳು ಸಾಮಾನ್ಯ. 6.5 ಕ್ರೀಡ್‌ಮೋರ್ ತೋಟೆಯ ಬ್ಯಾರೆಲ್ ಎರಡು ಮೂರು ಸಾವಿರಕ್ಕೆ ಸುಸ್ತಾಗುತ್ತದೆ, ಮದ್ದು ಜಾಸ್ತಿ ತುಂಬುವ ದೊಡ್ಡ ಮ್ಯಾಗ್ನಂ ತೋಟೆಗಳದ್ದು ಇನ್ನೂ ಬೇಗ. ಹಾಗಾಗಿ .223 ಆರಿಸಿರುವ ನಿಮಗೆ ಅರ್ಧ ಚಿಂತೆ ಇಲ್ಲೇ ಮುಗಿಯಿತು.

ಇನ್ನು ಬಿಸಿ. ಇದಕ್ಕೆ ಒಂದು ಒರಟು ಲೆಕ್ಕ ಹಾಕೋಣ. .223 ತೋಟೆಯಲ್ಲಿ ಸುಮಾರು 1.6 ಗ್ರಾಂ ಮದ್ದು ಇರುತ್ತದೆ, ಉರಿದರೆ 6 ಕಿಲೋಜೂಲ್ ಆಸುಪಾಸು ಶಕ್ತಿ. ಅದರಲ್ಲಿ ಐದನೇ ಒಂದು ಪಾಲು ಬ್ಯಾರೆಲ್‌ಗೆ ಹೋಯಿತು ಅಂದುಕೊಂಡರೂ 1.2 ಕಿಲೋಜೂಲ್. ತೆಳು ಬ್ಯಾರೆಲ್ 650 ಗ್ರಾಂ ಇದ್ದರೆ ಒಂದೊಂದು ಗುಂಡಿಗೆ ಅದರ ಬಿಸಿ ಸರಾಸರಿ 4 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ, ಒಂದು ಕಿಲೋಗಿಂತ ಜಾಸ್ತಿ ತೂಗುವ ದಪ್ಪ ಬ್ಯಾರೆಲ್‌ನಲ್ಲಿ ಎರಡು ಎರಡೂವರೆ ಡಿಗ್ರಿ. ಅಂದರೆ ಬಿಡುವಿಲ್ಲದೆ ಇಪ್ಪತ್ತು ಗುಂಡು ಹಾರಿಸಿದರೆ ತೆಳುವಿನದ್ದು 80 ಡಿಗ್ರಿಯಷ್ಟು ಮೇಲೇರಿ ಕೈ ಇಡೋಕೇ ಆಗಲ್ಲ. ನೀವು ಕಡಿಮೆ ಮಾಡಿದ ತೂಕವೇ ಬಿಸಿಯನ್ನು ಹೀರಿಕೊಳ್ಳಬೇಕಾಗಿದ್ದ ಉಕ್ಕು, ಅದಕ್ಕೆ ಅಡ್ಡದಾರಿ ಇಲ್ಲ. ಒಂದು ಸಮಾಧಾನ ಅಂದರೆ ತೆಳು ಪಾತ್ರೆ ಥರ ಇದು ಆರುವುದೂ ಬೇಗ.

ಹಾಗಾದರೆ ಉಕ್ಕು ಎಲ್ಲಿ ಇರಬೇಕು? ಚೇಂಬರ್ ಪಕ್ಕದಲ್ಲಿ, ಬಿಸಿ ಹುಟ್ಟುವ ಕಡೆ. 1980ರ ದಶಕದ ಎಂ16ಎ2 ಬ್ಯಾರೆಲ್ ನೋಡಿ, ಹ್ಯಾಂಡ್‌ಗಾರ್ಡ್ (ಮುಂದೆ ಕೈ ಹಿಡಿಯುವ ಹೊದಿಕೆ) ಒಳಗೆ ಹಳೆಯ ಎಂ16ಎ1ನಷ್ಟೇ ತೆಳು, ಮುಂದಿನ ತುದಿಯಲ್ಲಿ ಮಾತ್ರ ದಪ್ಪ. ಬಿಸಿಗೂ ಪ್ರಯೋಜನ ಕಡಿಮೆ, ಮೂತಿಯೂ ಭಾರ. ಆ ಆಕಾರವನ್ನೇ ನಕಲು ಮಾಡಿದ ಬ್ಯಾರೆಲ್‌ಗಳು ಈಗಲೂ ಸಿಗುತ್ತವೆ, ದಯವಿಟ್ಟು ಬಿಟ್ಟುಬಿಡಿ. ಮೂತಿಯಲ್ಲಿ ನೂರು ಗ್ರಾಂ ಕಡಿಮೆಯಾದರೆ ಕೈಗೆ ತಕ್ಷಣ ಗೊತ್ತಾಗುತ್ತದೆ, ಚೇಂಬರ್ ಹತ್ತಿರ ನೂರು ಗ್ರಾಂ ಹೆಚ್ಚಾದರೆ ಅಷ್ಟೇನೂ ಗೊತ್ತಾಗಲ್ಲ.

ಫ್ಲೂಟ್ ವಿಷಯದಲ್ಲಿ ಜಾಹೀರಾತು ಜಾಸ್ತಿ. ಒಂದೇ ತೂಕದ ಎರಡು ಬ್ಯಾರೆಲ್ ಹೋಲಿಸಿದರೆ ಫ್ಲೂಟ್ ಇರುವುದು ಹೆಚ್ಚು ಗಟ್ಟಿ ನಿಲ್ಲುತ್ತದೆ, ನಿಜ, ಯಾಕೆಂದರೆ ಅದರ ಹೊರ ಅಳತೆ ದೊಡ್ಡದು. ಆದರೆ ಅದೇ ಅಳತೆಯ ಫ್ಲೂಟ್ ಇಲ್ಲದ ಬ್ಯಾರೆಲ್‌ಗಿಂತ ಅದು ಬಾಗುವುದೂ ಜಾಸ್ತಿ, ಕಾಯುವುದೂ ಬೇಗ. ಎಆರ್‌ಗೆ ಅದರ ಅಗತ್ಯ ನನಗಂತೂ ಕಂಡಿಲ್ಲ. ಉದ್ದ ಒಂದೆರಡು ಇಂಚು ಕಡಿಮೆ ಮಾಡಿದರೆ ಬರುವ ಲಾಭವೇ ದೊಡ್ಡದು, ತೂಕವೂ ಇಳಿಯುತ್ತದೆ, ಬಿಗಿಯೂ ಬರುತ್ತದೆ, ಗುಂಡಿನ ವೇಗ ಇಂಚಿಗೆ ಸೆಕೆಂಡಿಗೆ 25ರಿಂದ 50 ಅಡಿ ಹೋಗುತ್ತದೆ ಅಷ್ಟೇ.

ಕಾರ್ಬನ್ ಫೈಬರ್ ಒಳ್ಳೆಯದೇ, ಪ್ರತಿ ಗುಂಡಿಗೂ ಕೈಯಿಂದ ಎಳೆಯುವ ಬೋಲ್ಟ್ ರೈಫಲ್ ಹೊತ್ತು ಬೆಟ್ಟ ಹತ್ತಿ ಮೂರು ಗುಂಡು ಹಾರಿಸುವವರಿಗೆ. ಒಳಗೆ ತೆಳು ಉಕ್ಕಿನ ನಳಿಗೆ, ಮೇಲೆ ಅಂಟು ಹಾಕಿ ಸುತ್ತಿದ ನಾರು. ಬಾಗುವುದು ಕಡಿಮೆ, ಒಪ್ಪುತ್ತೇನೆ. ಆದರೆ ಹೊರಗೆ ಮುಟ್ಟಿದಾಗ ತಣ್ಣಗಿದೆ ಅಂದರೆ ಒಳಗೂ ತಣ್ಣಗಿದೆ ಅಂತ ಅಲ್ಲ, ರೈಫ್ಲಿಂಗ್ ಇರುವುದು ಆ ಉಕ್ಕಿನಲ್ಲೇ ಅಲ್ವಾ? ಅದು ಉಳಿದ ಉಕ್ಕಿನ ಹಾಗೇ ಸವೆಯುತ್ತದೆ, ಬದಲಿಸುವಾಗ ಮಾತ್ರ ಕಾರ್ಬನ್ ಬೆಲೆ ಕೊಡಬೇಕು.

ಲೇಪದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಮೊದಮೊದಲ ಎಂ16ಗಳ ಚೇಂಬರ್‌ಗೆ ಕ್ರೋಮ್ ಇರಲಿಲ್ಲ. ತುಕ್ಕು ಹಿಡಿದು ಖಾಲಿ ತೋಟೆ ಒಳಗೇ ಕಚ್ಚಿಕೊಳ್ಳಲು ಶುರುವಾದ ಮೇಲೆ ಮೊದಲು ಚೇಂಬರ್‌ಗೆ, ಆಮೇಲೆ ಇಡೀ ನಳಿಗೆಗೆ ಕ್ರೋಮ್ ಹಾಕಿದರು. ಬಿರುಸಾಗಿ ಹಾರಿಸುವವರಿಗೆ 4150 ಅನ್ನುವ ಮಿಶ್ರ ಉಕ್ಕು ಮತ್ತು ಕ್ರೋಮ್ ಸರಿಯಾದ ಜೋಡಿ. ನಿಖರತೆ ಸ್ವಲ್ಪ ಹೆಚ್ಚು ಬೇಕು, ಅಷ್ಟು ಬಿರುಸಾಗಿ ಹಾರಿಸಲ್ಲ ಅಂದರೆ ನೈಟ್ರೈಡ್. 416 ಸ್ಟೇನ್‌ಲೆಸ್ ನಿಧಾನವಾಗಿ ಗುರಿಯಿಟ್ಟು ಹೊಡೆಯುವವರಿಗೆ.

ತೆಳು ಬ್ಯಾರೆಲ್‌ನಲ್ಲಿ ಇದೆಲ್ಲಕ್ಕಿಂತ ಮುಖ್ಯವಾದದ್ದು ತಯಾರಿಕೆ. ಉಕ್ಕಿನೊಳಗೆ ಉಳಿದ ಸೆಳೆತವನ್ನು ಸರಿಯಾಗಿ ಬಿಸಿ ಮಾಡಿ ತೆಗೆದಿರದಿದ್ದರೆ ಕಾದ ಕೂಡಲೇ ಬ್ಯಾರೆಲ್ ಒಂದು ಕಡೆಗೆ ಸೊಟ್ಟಗಾಗುತ್ತದೆ. ಇದು ಕೊಳ್ಳುವಾಗ ಕಣ್ಣಿಗೆ ಕಾಣಲ್ಲ. ಪರೀಕ್ಷೆ ಹೀಗೆ: ಹ್ಯಾಂಡ್‌ಗಾರ್ಡ್ ಬ್ಯಾರೆಲ್‌ಗೆ ತಾಗದ ಫ್ರೀ ಫ್ಲೋಟ್ ಆಗಿರಲಿ, ತಣ್ಣಗಿನ ಬ್ಯಾರೆಲ್‌ನಿಂದ ಬಿಡುವಿಲ್ಲದೆ ಹತ್ತು ಗುಂಡು ಹಾರಿಸಿ, ಸ್ಪಾಟಿಂಗ್ ಸ್ಕೋಪ್‌ನಲ್ಲಿ ನೋಡುತ್ತಾ ಇನ್ನೊಬ್ಬರು ಪ್ರತಿ ತೂತಿಗೂ ಕಾಗದದ ಮೇಲೆ ನಂಬರ್ ಹಾಕಲಿ. ತೂತುಗಳು ಸುತ್ತಲೂ ಸ್ವಲ್ಪ ಹರಡಿದರೆ ತೊಂದರೆ ಇಲ್ಲ. ಒಂದರಿಂದ ಹತ್ತರವರೆಗೆ ಸಾಲಾಗಿ ಒಂದೇ ದಿಕ್ಕಿಗೆ ನಡೆದುಕೊಂಡು ಹೋಗಿದ್ದರೆ ಆ ಬ್ಯಾರೆಲ್ ವಾಪಸ್ ಕೊಡುವ ದಾರಿ ನೋಡಿ. ಮೂತಿಗೆ ಭಾರದ ಸಪ್ರೆಸರ್ (ಸದ್ದು ಕಡಿಮೆ ಮಾಡುವ ನಳಿಗೆ) ಹಾಕುವವರಾದರೆ ಅದನ್ನು ಹಾಕಿಯೇ ಪರೀಕ್ಷೆ ಮಾಡಿ, ತೆಳು ಬ್ಯಾರೆಲ್‌ನಲ್ಲಿ ಗುಂಡು ಬೀಳುವ ಜಾಗ ಕೆಳಗಿಳಿಯುವುದು ಮಾಮೂಲು.

ಬಳಸುವಾಗ, ಹತ್ತು ಹದಿನೈದು ಗುಂಡಿಗೊಮ್ಮೆ ಬೋಲ್ಟ್ (ಚೇಂಬರ್ ಮುಚ್ಚುವ ಭಾಗ) ತೆರೆದಿಟ್ಟು ಬಿಡುವು ಕೊಡಿ. ಕಾದ ಚೇಂಬರ್‌ನಲ್ಲಿ ತೋಟೆ ಹಾಗೇ ಬಿಟ್ಟು ಮಾತಾಡ್ತಾ ನಿಲ್ಲಬೇಡಿ. ಅತಿಯಾಗಿ ಕಾದಿದ್ದರೆ ಟ್ರಿಗರ್ ಮುಟ್ಟದೆಯೂ ಅದು ಹಾರಬಹುದು, ಅಷ್ಟು ಕಾದಿರದಿದ್ದರೂ ಮದ್ದು ಬಿಸಿಯಾಗಿ ಗುಂಡು ಬೇರೆ ಕಡೆ ಬೀಳುತ್ತದೆ. ಬದಲಿ ಬ್ಯಾರೆಲ್ ಕೂರಿಸಿದ ಮೇಲೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ಚೇಂಬರ್‌ನಲ್ಲಿ ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅನ್ನು ಗೊತ್ತಿರುವ ಗನ್‌ಸ್ಮಿತ್ ಹತ್ತಿರ ಅಳೆಸಿ. ಕೆಲವು ದೇಶಗಳಲ್ಲಿ ಬಿಡಿ ಬ್ಯಾರೆಲ್‌ಗೂ ಪರವಾನಗಿ ಬೇಕು, ಆರ್ಡರ್ ಮಾಡುವ ಮೊದಲೇ ನೋಡಿಕೊಳ್ಳಿ.

ನೂರಾರು ಗುಂಡು ಅಂದಿದ್ದೀರಲ್ಲ, ಅದು ಮ್ಯಾಗಜೀನ್ ಮೇಲೆ ಮ್ಯಾಗಜೀನ್ ಖಾಲಿ ಮಾಡುವ ಥರ ಆದರೆ ಮೇಲೆ ಹೇಳಿದ್ದು ನಿಮಗಲ್ಲ. ಆಗ ಮಧ್ಯಮ ದಪ್ಪದ್ದನ್ನೇ ಹಾಕಿ, ಹಗುರ ಮಾಡೋದನ್ನು ಸ್ಕೋಪ್, ಮೌಂಟ್, ಹ್ಯಾಂಡ್‌ಗಾರ್ಡ್‌ನಲ್ಲಿ ನೋಡಿ. ಸುಮ್ನೆ ಅಂಟಿಸಿಕೊಂಡಿರುವ ಸಾಮಾನು ಕಳಚಿದರೇ ಎಷ್ಟೋ ಸಲ ಕಾಲು ಕಿಲೋ ಇಳಿಯುತ್ತದೆ.