ಬೂಷ್ಟು ತಾನೇ ಬಿ6 ಮಾಡಿಕೊಳ್ಳುತ್ತದೆ ಅಂದಮೇಲೆ ಮೀಡಿಯಾಕ್ಕೆ (ಬೂಷ್ಟು ಬೆಳೆಸುವ ಆಹಾರಕ್ಕೆ) ಅದನ್ನು ಯಾಕೆ ಹಾಕಬೇಕು?

ನಿಮ್ಮ ಪ್ರಶ್ನೆ ಇದು: ಬೂಷ್ಟು ತನಗೆ ಬೇಕಾದ ವಿಟಮಿನ್ ಬಿ6 ಅನ್ನು ತಾನೇ ತಯಾರಿಸುತ್ತದೆ ಎಂದು ಓದಿದ್ದೀರಿ. ಆದರೆ ನಿಮ್ಮ ಲ್ಯಾಬಿನ ಆಸ್ಪರ್ಜಿಲಸ್ ನಿಡುಲನ್ಸ್ ಎಂಬ ಬೂಷ್ಟು ಪಿರಿಡಾಕ್ಸಿನ್ (ಬಿ6ನ ಒಂದು ರೂಪ) ಹಾಕದಿದ್ದರೆ ಬೆಳೆಯುವುದೇ ಇಲ್ಲ. ಯಾವುದು ಸರಿ?

ಎರಡೂ ಸರಿ. ನಿಮ್ಮ ಸ್ಟ್ರೇನಿನ (ಲ್ಯಾಬಿನಲ್ಲಿ ಬೆಳೆಸುವ ತಳಿಯ) ಹೆಸರಿನಲ್ಲಿ ಪೈರೋಎ4 ಎಂದು ಇದೆಯಾ ನೋಡಿ. ಹೆಚ್ಚಾಗಿ ಇರುತ್ತದೆ. ಅಂದರೆ ಬಿ6 ತಯಾರಿಸುವ ಪೈರೋಎ ಜೀನ್ ಅದರಲ್ಲಿ ಕೆಟ್ಟಿದೆ. ಇಂಥ ಸ್ಟ್ರೇನನ್ನು ಬೇಕೆಂದೇ ಇಟ್ಟುಕೊಳ್ಳುತ್ತಾರೆ. ಹೊಸ ಜೀನ್ ಸೇರಿಸುವಾಗ ಅದರ ಜೊತೆ ಒಂದು ಒಳ್ಳೆಯ ಪೈರೋಎ ಪ್ರತಿಯನ್ನೂ ಕಳಿಸುತ್ತೇವೆ. ಆಮೇಲೆ ಬಿ6 ಇಲ್ಲದ ಪ್ಲೇಟಿನಲ್ಲಿ ಯಾವುದು ಬೆಳೆಯುತ್ತದೋ ಅದರೊಳಗೆ ನಮ್ಮ ಡಿಎನ್‌ಎ ಹೋಗಿದೆ ಎಂದು ಲೆಕ್ಕ.

ಹೀಗೆ ಜೀನ್ ಕೆಟ್ಟ ಬೂಷ್ಟಿನಿಂದ ಕೆಲಸ ತೆಗೆಯುವ ದಾರಿ ತೆರೆದಿದ್ದೇ ಬಿ6. ಸ್ಟ್ಯಾನ್‌ಫರ್ಡ್‌ನಲ್ಲಿ ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟೇಟಮ್ ನ್ಯೂರೋಸ್ಪೋರಾ ಎಂಬ ಬೂಷ್ಟಿನ ಜೀನ್ ಕೆಡಿಸಲು ಎಕ್ಸ್‌ರೇ ಹಾಯಿಸಿದರು. ಒಂದೊಂದೇ ಬೀಜಾಣುವಿನಿಂದ ಬೇರೆ ಬೇರೆ ಟ್ಯೂಬ್‌ಗಳಲ್ಲಿ ಬೆಳೆಸಿದರು. ನ್ಯೂರೋಸ್ಪೋರಾಕ್ಕೆ ಸಕ್ಕರೆ, ಲವಣ, ಬಯೋಟಿನ್ ಇಷ್ಟಿದ್ದರೆ ಸಾಕು, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಆದರೆ 299ನೇ ಟ್ಯೂಬಿನದು ಇಷ್ಟರಲ್ಲಿ ಬೆಳೆಯಲಿಲ್ಲ. ಬಿ6 ಕೊಟ್ಟರು, ಬೆಳೆಯಿತು. ಒಳ್ಳೆಯ ಬೂಷ್ಟಿನ ಜೊತೆ ಕೂಡಿಸಿದಾಗ ಬೀಜಾಣುಗಳು ಹುಟ್ಟುವ ಒಂದು ಚೀಲದ 8 ಬೀಜಾಣುಗಳಲ್ಲಿ 4ಕ್ಕೆ ಬಿ6 ಬೇಕು, 4ಕ್ಕೆ ಬೇಡ. ಕೆಟ್ಟಿದ್ದು ಒಂದೇ ಜೀನ್ ಎಂದು ಅಲ್ಲಿಗೆ ಗೊತ್ತಾಯಿತು. ಇದನ್ನು ಪ್ರಕಟಿಸಿದ್ದು 1941ರಲ್ಲಿ, ಅವರಿಗೆ ನೊಬೆಲ್ ಬಂದಿದ್ದು 1958ರಲ್ಲಿ. ಅಷ್ಟು ಟ್ಯೂಬ್‌ಗಳನ್ನು ಕಾದು ನೋಡಿದ ಅವರ ತಾಳ್ಮೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನನಗೆ ಇದಕ್ಕಿಂತ ಇಷ್ಟವಾದ ಕಥೆ 1999ರದು. ಸರ್ಕೋಸ್ಪೋರಾ ಎಂಬ ಶಿಲೀಂಧ್ರ ತಂಬಾಕಿನ ಎಲೆಗೆ ಚುಕ್ಕಿ ರೋಗ ತರುತ್ತದೆ. ಅದು ಸುರಿಸುವ ಕೆಂಪು ವಿಷ ಬೆಳಕು ಬಿದ್ದರೆ ಸಿಂಗ್ಲೆಟ್ ಆಕ್ಸಿಜನ್ (ಆಕ್ಸಿಜನ್ನಿನ ಉಗ್ರ ರೂಪ) ಹುಟ್ಟಿಸುತ್ತದೆ, ಅದು ಜೀವಕೋಶವನ್ನೇ ಸುಡುತ್ತದೆ. ಈ ಶಿಲೀಂಧ್ರ ತನ್ನ ವಿಷದಿಂದ ತಾನೇ ಸಾಯದೆ ಹೇಗೆ ಉಳಿಯುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಎಸ್‌ಒಆರ್1 ಎಂಬ ಜೀನ್ ಸಿಕ್ಕಿತು. ನೋಡಿದರೆ ಅದು ಬಿ6 ತಯಾರಿಸುವ ಜೀನ್! ಬಿ6 ಆ ಆಕ್ಸಿಜನ್ನನ್ನು ತಣಿಸುತ್ತದೆ ಎಂದೂ ಆಗಲೇ ತಿಳಿಯಿತು. ನಿಮ್ಮ ಪೈರೋಎ ಕೂಡ ಅದೇ ಜೀನಿನ ಇನ್ನೊಂದು ರೂಪ. ಗಿಡಗಳಲ್ಲೂ ಇದೇ ದಾರಿ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ್ದು ಬೇರೆ. ಅದಕ್ಕೇ ಇ. ಕೋಲಿಯಲ್ಲಿ ಕಲಿತದ್ದನ್ನು ಬೂಷ್ಟಿಗೆ ಸುಮ್ನೆ ಅಂಟಿಸಬೇಡಿ.

ಲ್ಯಾಬಿಗೆ ಸಂಬಂಧಿಸಿದ ಒಂದು ಮಾತು. ವಿಟಮಿನ್ ಬೇಕಾಗುವುದು ತೀರಾ ಚೂರು. ಬೀಜಾಣುಗಳಿಗೆ ಹಳೆಯ ಪ್ಲೇಟಿನ ಬಿ6 ಅಂಟಿಕೊಂಡಿದ್ದರೂ ಬಿ6 ಇಲ್ಲದ ಮೀಡಿಯಾದಲ್ಲಿ ತೆಳ್ಳಗೆ ಬೆಳೆದುಬಿಡುತ್ತವೆ. ನಾನು ಮೊದಲ ಸಲ ಹಾಗೆ ತೆಳ್ಳಗೆ ಬೆಳೆದದ್ದನ್ನೇ ಗೆದ್ದ ಕಾಲನಿ ಎಂದುಕೊಂಡು ಎರಡು ವಾರ ಕಳೆದುಕೊಂಡೆ. ಆದ್ದರಿಂದ ಬೀಜಾಣುಗಳನ್ನು ಚೆನ್ನಾಗಿ ತೊಳೆಯಿರಿ. ಡಿಎನ್‌ಎ ಹಾಕದ ಒಂದು ಪ್ಲೇಟನ್ನು ಹೋಲಿಕೆಗೆ ಪಕ್ಕದಲ್ಲಿ ಇಡಿ. ಸ್ಟ್ರೇನಿನ ಹೆಸರಿನಲ್ಲಿ ರೈಬೋಬಿ2 ಕೂಡ ಇದ್ದರೆ (ಅಂದರೆ ರೈಬೋಫ್ಲಾವಿನ್ ಎಂಬ ವಿಟಮಿನ್ ತಯಾರಿಸುವ ಜೀನೂ ಕೆಟ್ಟಿದ್ದರೆ) ರೈಬೋಫ್ಲಾವಿನ್ ಬಾಟಲಿಗೆ ಫಾಯಿಲ್ ಸುತ್ತಿ, ಬೆಳಕಿಗೆ ಅದು ಬೇಗ ಹಾಳಾಗುತ್ತದೆ.