ಸೆಲ್ಯುಲಾಯ್ಡ್ ಪೆನ್ನಿಗೆ ಗಾಳಿ ಬೇಕು, ಮೊದಲು ಆ ಡಬ್ಬಿ ಮುಚ್ಚಳ ತೆಗೀರಿ

ಸರ್, ಮೊದಲು ಎದ್ದು ಹೋಗಿ ಆ ಡಬ್ಬಿ ಮುಚ್ಚಳ ತೆಗೀರಿ. ಮಿಕ್ಕಿದ್ದು ಆಮೇಲೆ ಓದಿದ್ರೂ ನಡಿಯುತ್ತೆ.

ನಮ್ಮ ಪೆನ್ ಗುಂಪಿನ ಪೋಸ್ಟಲ್ಲಿ ನೀವು ಕೇಳಿದ್ದು, ಮಳೆಗಾಲಕ್ಕೆ ಎತ್ತಿಟ್ಟ ಇಂಕ್ ಪೆನ್ನುಗಳ ಡಬ್ಬಿಗೆ ಪಸೆ ಎಳಿಯೋ ಸಿಲಿಕಾ ಜೆಲ್ ಎಷ್ಟು ಗ್ರಾಂ ಹಾಕ್ಬೇಕು ಅಂತ. ಫೋಟೋದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ನಾಲ್ಕು ಇಟಲಿ ಪೆನ್ನು, ಒಂದೊಂದಕ್ಕೂ ಜಿಪ್ ಕವರು, ನಾಲ್ಕನ್ನೂ ಸೇರಿಸಿ ರಬ್ಬರ್ ಬ್ಯಾಂಡು, ಅದನ್ನ ಒಯ್ದು ನಾಲ್ಕೂ ಕಡೆ ಲಾಕ್ ಆಗೋ ಪ್ಲಾಸ್ಟಿಕ್ ಡಬ್ಬಿಯೊಳಗೆ. ಮೇಲಿಂದ "ಇನ್ನು ಮಳೆಗಾಲ ಮುಗಿಯೋವರೆಗೂ ಮುಟ್ಟಲ್ಲ" ಅಂತ ಬೇರೆ. ಅಷ್ಟಕ್ಕೇ ಕೆಳಗೆ ಹತ್ತು ಜನ ಹೆಬ್ಬೆರಳು ಎತ್ತಿದ್ದಾರೆ, ಅವರಿಗೂ ಸೇರಿಸೇ ಹೇಳ್ತಿದ್ದೀನಿ. ಔರೋರಾ 88ಕ್ಕೆ ಇದರಿಂದ ಏನೂ ಆಗಲ್ಲ, ಈಗಿನದ್ದು ರೆಸಿನ್ನು, ಗಟ್ಟಿ ಪ್ಲಾಸ್ಟಿಕ್ಕು. ವಿಸ್ಕೊಂಟಿ ಹೋಮೋ ಸೇಪಿಯನ್ಸೂ ತಡಕೊಳ್ಳುತ್ತೆ. ನನ್ನ ಹೊಟ್ಟೆ ಉರೀತಿರೋದು ಮಧ್ಯದಲ್ಲಿರೋ ಆ ಓಮಾಸ್ ಆರ್ಕೊಗೆ. ಅದು ಸೆಲ್ಯುಲಾಯ್ಡು, ಕರ್ಪೂರ ಸೇರಿಸಿ ಮಾಡೋ ಹಳೇ ಕಾಲದ ಪ್ಲಾಸ್ಟಿಕ್ಕು.

ನಾನು ಇದನ್ನೇ ಮಾಡಿ ಕೈ ಸುಟ್ಕೊಂಡವನು. ಆಗ ಶಿರಸಿ ಮನೇಲಿದ್ದೆ. ಜೂನಿಂದ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲದಕ್ಕೂ ಬೂಷ್ಟು ಹಿಡಿಯೋ ಊರು. ಎರಡು ವರ್ಷ ಕಾಸು ಕೂಡಿಸಿ, ಕಸ್ಟಮ್ಸ್ ಕಟ್ಟಿ ತರಿಸಿದ ಇಟಲಿ ಸೆಲ್ಯುಲಾಯ್ಡ್ ಪೆನ್ನು, ಜೇನುತುಪ್ಪದ ಬಣ್ಣ, ದೀಪಕ್ಕೆ ಹಿಡಿದ್ರೆ ಒಳಗಡೆ ಬೆಳಕು ಓಡಾಡೋದು. ಕಂಪನಿ ಹೆಸರು ಬೇಡ, ತಪ್ಪು ನನ್ನದು. ಕವರು, ಸಿಲಿಕಾ, ಬಿಗಿ ಡಬ್ಬಿ, ಬೀರು, ಎಲ್ಲಾ ನಿಮ್ಮ ಹಾಗೇ. ಜೊತೆಗೆ ಇನ್ನೂ ಮೂರು ಪೆನ್ನು ಅದೇ ಡಬ್ಬೀಲಿ. ಆಯುಧಪೂಜೆ ದಿನ ದೇವರ ಮುಂದೆ ಇಡೋಣ ಅಂತ ತೆಗೆದೆ. ಸೆಲ್ಯುಲಾಯ್ಡ್ ಡಬ್ಬಿ ತೆಗೆದ್ರೆ ದೇವರಮನೆ ಥರ ಕರ್ಪೂರದ ವಾಸನೆ ಬರಬೇಕು, ಗೊತ್ತಲ್ಲ. ಬಂದಿದ್ದು ಮೂಗಿಗೆ ಚುಚ್ಚೋ ಘಾಟು, ಬ್ಯಾಟರಿ ಅಂಗಡಿಯಲ್ಲಿ ನಿಂತ ಹಾಗೆ. ಬ್ಯಾರೆಲ್, ಅಂದ್ರೆ ಪೆನ್ನಿನ ಮೈ, ಒಳಗಿಂದಲೇ ಬಿರುಕು ಬಿಟ್ಟಿತ್ತು, ಮೇಲೆ ಕೈಯಾಡಿಸಿದ್ರೆ ಗೊತ್ತಾಗಲ್ಲ, ಬೆಳಕಿಗೆ ಹಿಡಿದ್ರೆ ಕಲ್ಲುಸಕ್ಕರೆ ಥರ. ಕ್ಲಿಪ್ಪಿನ ಬುಡ ಹಸಿರು. ಪಕ್ಕದಲ್ಲಿದ್ದ ಪಾಪದ ಪೆನ್ನಿನ ಸ್ಟೀಲ್ ನಿಬ್ಬಿಗೂ ತುಕ್ಕಿನ ಚುಕ್ಕೆ. ಆ ಡಬ್ಬೀಲಿದ್ದ ಇನ್ನೊಂದು ಸೆಲ್ಯುಲಾಯ್ಡ್ ಅವತ್ತು ಚೆನ್ನಾಗೇ ಇತ್ತು, ಮುಂದಿನ ಯುಗಾದಿ ಹೊತ್ತಿಗೆ ಅದೂ ಮಂಜು ಮಂಜಾಯ್ತು. ಒಂದು ತಿಂಗಳು ಪೆನ್ ವಿಷಯ ಯಾರ ಹತ್ರಾನೂ ಮಾತಾಡಿಲ್ಲ ನಾನು.

ಆಗಿದ್ದೇನು ಅಂದ್ರೆ, ನೈಟ್ರೇಟ್ ಸೆಲ್ಯುಲಾಯ್ಡ್ ಸಣ್ಣಗೆ ನೈಟ್ರೋಜನ್ ಆಕ್ಸೈಡ್ ಬಿಡ್ತಾನೇ ಇರುತ್ತೆ. ಬಯಲಲ್ಲಿದ್ರೆ ಅದು ಹಾರಿ ಹೋಗುತ್ತೆ. ಮುಚ್ಚಿಟ್ರೆ ಒಳಗಿನ ಪಸೆ ಜೊತೆ ಸೇರಿ ಆಸಿಡ್ ಆಗಿ ಪೆನ್ನನ್ನೇ ತಿನ್ನುತ್ತೆ, ತಿಂದಷ್ಟೂ ಇನ್ನೂ ಹೆಚ್ಚು ಬಿಡುತ್ತೆ. ಒಂದ್ಸಲ ಹಿಡೀತು ಅಂದ್ರೆ ಬಿಡಿಸೋಕೆ ಯಾರ ಕೈಲೂ ಆಗಲ್ಲ, ಬೇರೆ ಪೆನ್ನುಗಳಿಂದ ದೂರ ಇಡೋದಷ್ಟೇ. ತಿಳಿ ಬಣ್ಣದ್ದು, ಪಾರದರ್ಶಕ ಇರೋದು ಮೊದಲು ಹೋಗುತ್ತೆ, ಕಪ್ಪು ಸ್ವಲ್ಪ ಗಟ್ಟಿ. ಸಿಲಿಕಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಪಸೆ ಕಮ್ಮಿ ಇದ್ದಷ್ಟೂ ಒಳ್ಳೇದೇ. ಆದ್ರೆ ಸಿಲಿಕಾ ಎಳಿಯೋದು ನೀರನ್ನ, ಆ ಹೊಗೆಯನ್ನಲ್ಲ. ಅದಕ್ಕೆ ಏನಾದ್ರೂ ಹಾಕ್ಲೇಬೇಕು ಅಂದ್ರೆ ಆಕ್ಟಿವೇಟೆಡ್ ಚಾರ್ಕೋಲಿನ ಸಣ್ಣ ಚೀಲ ಹಾಕಿ, ಅಕ್ವೇರಿಯಂ ಅಂಗಡೀಲಿ ಸಿಗುತ್ತೆ. ಪುಡಿ ಉದುರದ ಹಾಗೆ ಎರಡು ಪದರ ಬಟ್ಟೇಲಿ ಕಟ್ಟಿ, ಇಲ್ಲಾಂದ್ರೆ ಕ್ಯಾಪೆಲ್ಲಾ ಮಸಿ. ಅದು ಮುಚ್ಚಳ ಹಾಕೋಕೆ ಪರವಾನಗಿ ಅಂತ ಮಾತ್ರ ತಿಳ್ಕೋಬೇಡಿ.

ಈಗ ನಾನು ಮಾಡೋದು. ಮರದ ಡ್ರಾಯರ್, ಮುಚ್ಚಳ ಇಲ್ಲ. ಹಳೇ ಬಿಳಿ ಪಂಚೆ, ಸೋಪಿಲ್ಲದೆ ಎರಡು ಮೂರು ಸಲ ಒಗೆದು ಒಣಗಿಸಿದ್ದು, ಅದನ್ನ ಉದ್ದಕ್ಕೆ ಮಡಿಚಿ ಗದ್ದೆ ಬದುಗಳ ಥರ ಮಾಡಿದ್ದೀನಿ, ಒಂದೊಂದು ಕಾಲುವೇಲಿ ಒಂದೊಂದು ಪೆನ್ನು, ಒಂದಕ್ಕೊಂದು ತಾಗಲ್ಲ. ಸೆಲ್ಯುಲಾಯ್ಡುಗಳಿಗೆ ಕ್ಯಾಪ್ ಪೂರ್ತಿ ತಿರುಗಿಸಲ್ಲ, ಒಂದು ಸುತ್ತು ಸಡಿಲ. ಇಂಕಿಲ್ಲದೆ ಎತ್ತಿಟ್ಟಿರೋದಾದ್ರೆ ಕ್ಯಾಪ್ ಬೇರೆ, ಪೆನ್ನು ಬೇರೆ. ಪ್ರತಿ ಶನಿವಾರ ಬೆಳಿಗ್ಗೆ ಕಾಫಿ ಕುಡಿಯೋಕೆ ಮುಂಚೆ (ಆಮೇಲಾದ್ರೆ ಮೂಗು ಕೆಲಸ ಮಾಡಲ್ಲ) ಒಂದೊಂದೇ ಕ್ಯಾಪ್ ಎತ್ತಿ ಮೂಸ್ತೀನಿ. ಮನೆಯವಳು ನಗ್ತಾಳೆ, ನಗಲಿ. ಕರ್ಪೂರ ಬಂತಾ, ಸರಿ. ಏನೂ ಬಂದಿಲ್ವಾ, ಹಳೇ ಪೆನ್ನಾದ್ರೆ ಅದೂ ಸರಿ. ಮೂಗಿನ ಒಳಗಡೆ ಚುರ್ ಅಂತಾ, ಅವತ್ತೇ ಡ್ರಾಯರಿಂದ ಆಚೆ, ಬೇರೆ ರೂಮು. ಬೆರಳಿಗೆ ಅಂಟಂಟು ಹತ್ತಿದ್ರೂ ಅಷ್ಟೇ. ಯಾವ ಯಂತ್ರಾನೂ ಬೇಡ, ಈ ಮೂಗು ನನ್ನ ಮೂರು ಪೆನ್ನು ಉಳಿಸಿದೆ. ಜೋರು ನೆಗಡಿ ಇದ್ದ ವಾರ ಮಗಳ ಕೈಲಿ ಮೂಸಿಸಿದ್ದೀನಿ.

ಡ್ರಾಯರಿಗೆ ನುಸಿ ಗುಳಿಗೆ ಹಾಕ್ತಾರೆ ಕೆಲವರು. ಬೇಡ್ರೀ, ಆ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಹಾಗೇ ರಬ್ಬರ್ ಬ್ಯಾಂಡ್ ತೆಗೀರಿ. ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ, ನಿಮ್ಮ ನಾಲ್ಕನೇ ಪೆನ್ನು ಬೆಳ್ಳಿ ಮೊಂಟೆಗ್ರಾಪ್ಪ ಅಲ್ವಾ? ಎಬೊನೈಟೂ ಗಂಧಕ ಹಾಕಿ ಬೇಯಿಸಿದ ರಬ್ಬರೇ, ಹಾಗಾಗಿ ಎಬೊನೈಟ್ ಪೆನ್ನು ಇದ್ರೆ ಬೆಳ್ಳೀದು ಅದರ ಪಕ್ಕ ಇಡಬೇಡಿ. ಪಕ್ಕದ ಕಡ್ಡಿ ಎತ್ತಿ ಇಂಕು ತುಂಬೋ ಹಳೇ ಲಿವರ್ ಫಿಲ್ಲರ್ ಪೆನ್ನಿನ ರಬ್ಬರ್ ಚೀಲ ಒಳಗಿಂದಲೇ ತಿಳಿ ಸೆಲ್ಯುಲಾಯ್ಡನ್ನ ಕಂದು ಮಾಡುತ್ತೆ. ತಗೊಂಡಾಗಲೇ ಬ್ಯಾರೆಲ್ಲು ಒಂದು ಬಣ್ಣ, ಕ್ಯಾಪು ಒಂದು ಬಣ್ಣ ಇದ್ರೆ ಕಾರಣ ಅದು, ಅಂಗಡಿಯವನು "ಎರಡು ಬಣ್ಣದ ಅಪರೂಪದ ಮಾಡೆಲ್ಲು" ಅಂದ್ರೆ ನಂಬಬೇಡಿ.

ಸೆಲ್ಯುಲಾಯ್ಡ್ ಅಂತ ಮಾರೋದೆಲ್ಲಾ ನೈಟ್ರೇಟ್ ಅಲ್ಲ, ಇದೂ ನೆನಪಿರಲಿ. ಈಗೀಗ ಅಸಿಟೇಟ್ ಅನ್ನೋ ಇನ್ನೊಂದು ಥರದ ಪ್ಲಾಸ್ಟಿಕ್ ಜಾಸ್ತಿ, ಅದು ಕೆಟ್ಟರೆ ವಿನೆಗರ್ ವಾಸನೆ. ಡೆಲ್ಟಾ ಕಂಪನಿಯ ಕಿತ್ತಳೆ ಬಣ್ಣದ ಡೋಲ್ಚೆವೀಟಾ ಪೆನ್ನು ನೋಡಿ ಹಳೇ ಸೆಲ್ಯುಲಾಯ್ಡ್ ಅಂತ ದುಡ್ಡು ಸುರಿದವರನ್ನ ನೋಡಿದ್ದೀನಿ, ಅದು ರೆಸಿನ್ ಕಣ್ರೀ, ಚೆಂದದ ರೆಸಿನ್. ಗುರುತು ಹಿಡಿಯೋಕೆ ಬ್ಯಾರೆಲ್ಲನ್ನ ಕಾಟನ್ ಬಟ್ಟೇಲಿ ಬಿಸಿಯಾಗೋವರೆಗೂ ತಿಕ್ಕಿ ಮೂಸಿ. ಸೂಜಿ ಕಾಯಿಸಿ ಚುಚ್ಚೋದು, ಚೂರು ಕೆರೆದು ಉರಿಸೋದು ಈ ಗುಂಪಲ್ಲೇ ಒಬ್ಬರು ಹೇಳಿಕೊಟ್ಟಿದ್ರು. ಆರತಿ ಕರ್ಪೂರ ಹೇಗೆ ಹತ್ತಿಕೊಳ್ಳುತ್ತೆ ಅಂತ ಅವರಿಗೆ ಗೊತ್ತಿಲ್ವೋ ಏನೋ, ನೈಟ್ರೇಟ್ ಅದಕ್ಕಿಂತ ಜೋರು.

ತೊಳಿಯೋದು. ನೀವು ಪೋಸ್ಟಿನ ಕೊನೇಲಿ "ಬಿಸಿನೀರಲ್ಲಿ ರಾತ್ರಿ ನೆನೆಸಿಟ್ಟು ಕ್ಲೀನ್ ಮಾಡಿದೆ" ಅಂತ ಬರೆದಿದ್ದೀರಿ, ಅದಕ್ಕೆ ಬಯ್ಯೋದು ಬಾಕಿ ಇದೆ. ಪಿಂಗ್‌ಪಾಂಗ್ ಚೆಂಡು ತಗ್ಗಿದ್ರೆ ಬಿಸಿನೀರಿಗೆ ಹಾಕಿ ಉಬ್ಬಿಸ್ತಿದ್ವಲ್ಲ ಚಿಕ್ಕವರಿದ್ದಾಗ, ಅದೂ ಸೆಲ್ಯುಲಾಯ್ಡೇ. ನಿಮ್ಮ ಬ್ಯಾರೆಲ್ಲೂ ಅದೇ ರೀತಿ ಬಗ್ಗುತ್ತೆ. ನಿಬ್ಬಿನ ಕೆಳಗೆ ಇಂಕು ಹರಿಸೋ ಎಬೊನೈಟ್ ಫೀಡ್ ಬಿಸಿನೀರಿಗೆ ಕಂದಾಗುತ್ತೆ. ಸ್ಪಿರಿಟ್ಟು, ನೇಲ್ ಪಾಲಿಶ್ ರಿಮೂವರ್ರು, ಸ್ಯಾನಿಟೈಸರ್ರು ಹತ್ರ ಕೂಡ ತರಬೇಡಿ, ಕೈಗೆ ಹಚ್ಚಿದ ಸ್ಯಾನಿಟೈಸರ್ ಒಣಗೋ ಮುಂಚೆ ಪೆನ್ ಹಿಡಿದವರ ಕಥೆ ಬೇಕಾದಷ್ಟಿದೆ. ತಣ್ಣೀರು ಸಾಕು, ಬೋರ್‌ವೆಲ್ ನೀರು ಬೇಡ. ನಮ್ಮ ಗಡಸು ನೀರಿನ ಬಿಳಿ ಪದರ ಇಂಕು ಎಳಿಯೋ ಪಿಸ್ಟನ್ ಓಡಾಡೋ ಗೋಡೆಗೆ ಕೂತ್ರೆ ಸೀಲು ಸವೆಯುತ್ತೆ. ಡಿಸ್ಟಿಲ್ಡ್ ಅಂತ ಬರೆದಿರೋ ಬಾಟ್ಲಿ ಒಂದು ಇಟ್ಕೊಳ್ಳಿ, ವರ್ಷಕ್ಕೆ ಎರಡು ಲೀಟರ್ ಆಗಲ್ಲ. ಪಿಸ್ಟನ್ ಬಿಗಿಯಾದ್ರೆ ಸಿಲಿಕೋನ್ ಗ್ರೀಸ್, ಕಡ್ಡಿ ತುದೀಲಿ ಸಾಸಿವೆಯಷ್ಟು. ವ್ಯಾಸಲೀನ್ ಅಲ್ಲ. ಕೊಬ್ಬರಿ ಎಣ್ಣೆ ಅಂತೂ ಅಲ್ಲವೇ ಅಲ್ಲ, ಚಳಿಗಾಲಕ್ಕೆ ಅದು ಗಟ್ಟಿಯಾಗುತ್ತೆ ಅನ್ನೋದಾದ್ರೂ ಹೊಳೀಬೇಡ್ವೇ!

ಓಮಾಸಿಗೆ ಇಷ್ಟು ಪರದಾಡೋದು ಯಾಕೆ ಅಂದ್ರೆ ಬಿಡಿಭಾಗ ಕೇಳೋಕೆ ಬಾಗಿಲೇ ಇಲ್ಲ. 1925ರಲ್ಲಿ ಆರ್ಮಾಂಡೊ ಸಿಮೋನಿ ಬೊಲೋನ್ಯದಲ್ಲಿ ಶುರು ಮಾಡಿದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಮಾಡ್ತಿದ್ದ ಕೆಲವರು ಸ್ಕ್ರೀಬೊ ಅನ್ನೋ ಕಂಪನಿ ಕಟ್ಟಿದ್ದಾರೆ, ಪೆನ್ನು ಸೊಗಸಾಗಿದೆ, ಆದ್ರೆ ನಿಮ್ಮ ಆರ್ಕೊ ಬ್ಯಾರೆಲ್ ಹೋದ್ರೆ ಅದೇ ಗೆರೆಯ ಇನ್ನೊಂದು ಬ್ಯಾರೆಲ್ ಎಲ್ಲಿಂದ ತರ್ತೀರಿ? ಔರೋರಾ ಬೇರೆ ಲೆಕ್ಕ. 1919ರಿಂದ ಟೂರಿನ್‌ನಲ್ಲೇ ಇದ್ದಾರೆ, ನಿಬ್ಬೂ ಅವರೇ ಮಾಡ್ತಾರೆ. 88ರ ಮೂಲ ವಿನ್ಯಾಸ ಮಾರ್ಚೆಲ್ಲೊ ನಿಟ್ಸೋಲಿಯದ್ದು, 1947. ಒಲಿವೆಟ್ಟಿಯ ಲೆಟ್ಟೆರಾ 22 ಟೈಪ್‌ರೈಟರ್ ಮಾಡಿದ ಮನುಷ್ಯ. ನನಗೆ ಇಟಲಿಯಲ್ಲಿ ಒಂದೇ ಪೆನ್ನು ಇಟ್ಕೋ ಅಂದ್ರೆ 88ನ್ನೇ ಇಟ್ಕೊಳ್ತೀನಿ. ಕಣ್ಣಿಗೆ ಹಬ್ಬ ಅಲ್ಲ, ಕೈಗೆ ಹಬ್ಬ.

ಆ 88ರ ನಿಬ್ಬು "ಕರಕರ ಅನ್ನುತ್ತೆ, ಮೈಕ್ರೋಮೆಶ್ ಹಾಕ್ಲಾ" ಅಂತ ಕೇಳಿದ್ದೀರಿ, ಆ ನುಣ್ಣಗೆ ಉಜ್ಜೋ ಹಾಳೆ. ಹಾಕ್ಬೇಡಿ. ಔರೋರಾ ನಿಬ್ಬಿನ ಗುಣವೇ ಅದು, ಚೂಪು ಮಾಡಿದ ಪೆನ್ಸಿಲ್ ಕಾಗದದ ಮೇಲೆ ಓಡಿದ ಹಾಗೆ. ಹತ್ತು ಪುಟ ಬರೀರಿ, ಆಮೇಲೂ ಕಿರಿಕಿರಿ ಆದ್ರೆ ಲೂಪ್ (ಭೂತಗನ್ನಡಿ) ಹಿಡಿದು ಎರಡು ಟೈನೂ, ಅಂದ್ರೆ ನಿಬ್ಬಿನ ಸೀಳಿನ ಎರಡು ಕಡೆಯ ಕಾಲೂ, ಒಂದೇ ಮಟ್ಟದಲ್ಲಿವೆಯಾ ನೋಡಿ. ಒಂದು ಕಡೆಗೆ ಎಳೆದಾಗ ಮಾತ್ರ ಕೆರೆದ್ರೆ ಅದು ಟೈನಿನ ತಪ್ಪು, ಎಲ್ಲಾ ಕಡೆಗೂ ಸಮಾ ಶಬ್ದ ಬಂದ್ರೆ ಅದು ಔರೋರಾ. ಉಜ್ಜಿ ಉಜ್ಜಿ ತುದಿ ಗುಂಡಗೆ ಮಾಡಿಕೊಂಡು ಆಮೇಲೆ "ಮೊದಲ ಗೆರೆ ಬರ್ತಿಲ್ಲ" ಅಂತ ಮತ್ತೆ ಇಲ್ಲೇ ಬರ್ತೀರಿ. ಇಂಕು ಖಾಲಿ ಅನ್ನಿಸಿದಾಗ ಪಿಸ್ಟನ್ ಪೂರ್ತಿ ಕೆಳಗಿಳಿಸಿ ನೋಡಿ, ಅಡಗಿದ ಮೀಸಲಿನಿಂದ ಇನ್ನೊಂದಿಷ್ಟು ಸಾಲು ಸಿಗುತ್ತೆ. ಮೀಟಿಂಗ್ ಮಧ್ಯೆ ಎರಡು ಸಲ ಮಾನ ಉಳಿಸಿದೆ.

ಹೋಮೋ ಸೇಪಿಯನ್ಸಿನ ಬ್ರಾಂಜ್ ಕಪ್ಪಾಗಿದೆ ಅಂತ ದಯವಿಟ್ಟು ಪೀತಾಂಬರಿ ತಿಕ್ಕಬೇಡಿ. ಆ ಮಸುಕೇ ಅದರ ಅಂದ, ಅದು ಬರಲಿ ಅಂತಲೇ ಬ್ರಾಂಜ್ ಹಾಕಿರೋದು. ಬೇಡವಾಗಿದ್ರೆ ಸ್ಟೀಲಿಂದು ತಗೋಬೇಕಿತ್ತು. ಮೈ ಎಟ್ನಾ ಜ್ವಾಲಾಮುಖಿಯ ಬಸಾಲ್ಟ್ ಬೆರೆಸಿದ ರೆಸಿನ್ನು, ಬೆವರು ಹೀರಿಕೊಳ್ಳುತ್ತೆ. ಅದಕ್ಕೇ ನಮ್ಮ ಸೆಖೆಯಲ್ಲೂ ಕೈ ಜಾರಲ್ಲ, ಆದ್ರೆ ಅದೇ ಕಾರಣಕ್ಕೆ ಮೇಣ, ಪಾಲಿಶ್ ಏನೂ ಸವರಬಾರದು. ಅದರ ಪವರ್ ಫಿಲ್ಲರ್ ಸರಳು ಎಳೆದು ಒಂದೇ ಪಟ್ಟಿಗೆ ಒತ್ತಬೇಕು, ನಿಧಾನ ಒತ್ತಿದ್ರೆ ಅರ್ಧವೂ ತುಂಬಲ್ಲ. ಹಾಗಂತ ಹೊಳಪಿನ ಪುಡಿ ಇರೋ ಇಂಕು ಅದಕ್ಕೆ ಹಾಕಿದ್ರೆ ತೊಳೆಯೋಕೆ ಇಡೀ ಭಾನುವಾರ ಬೇಕು, ಬಿಚ್ಚಿ ಉಜ್ಜೋ ಪೆನ್ನಲ್ಲ ಅದು. ಮಿನುಗು ಇಂಕಿನ ಆಸೆ ಇದ್ರೆ ಲಿಯೊನಾರ್ಡೊ ಕಂಪನಿಯ ಕನ್ವರ್ಟರ್ ಪೆನ್ನು (ಇಂಕಿನ ಕೊಳವೆ ಬಿಚ್ಚಿ ತೆಗೆಯೋ ಥರದ್ದು) ತಗೊಳ್ಳಿ, ತೊಳಿಯೋದು ಸುಲಭ, ಕೈಗೂ ಚೆನ್ನಾಗಿ ಕೂರುತ್ತೆ. ಮೊಂಟೆಗ್ರಾಪ್ಪ ಬಗ್ಗೆ ನಾನು ಜಾಸ್ತಿ ಹೇಳಲ್ಲ. ಕೆಲಸ ಅಚ್ಚುಕಟ್ಟು, ಬೆಳ್ಳಿ ಕೆತ್ತನೆ ನೋಡೋ ಹಾಗಿರುತ್ತೆ, ಆದ್ರೆ ಆ ತಲೆಬುರುಡೆ, ಡ್ರ್ಯಾಗನ್ ಸುತ್ತಿದ ಪೆನ್ನುಗಳನ್ನ ಹಿಡಿದು ಬರೆಯೋದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನಿಮ್ಮದು ಸಾದಾ ಕೆತ್ತನೆಯದ್ದು, ಪುಣ್ಯ. ಮೆತ್ತಗಿನ ಬಟ್ಟೇಲಿ ಒರೆಸಿ ಸಾಕು, ಕೆತ್ತನೆ ಸಂದಿಯ ಕಪ್ಪು ತೆಗೀಬೇಡಿ.

ಇನ್ನೊಂದು ಮರೆತಿದ್ದೆ. ಪೆನ್ನನ್ನ ಕಾರಿನ ಡ್ಯಾಶ್‌ಬೋರ್ಡ್ ಖಾನೇಲಿ ಇಡೋ ಅಭ್ಯಾಸ ಇದ್ರೆ ಸೆಲ್ಯುಲಾಯ್ಡ್ ಇಡಬೇಡಿ, ಕಲಬುರಗಿ, ವಿಜಯಪುರ ಕಡೆಯವರಿಗೆ ಈ ಮಾತು ಎರಡು ಸಲ.

ಈಗ ನಿಮ್ಮ ಕೆಲಸ. ಮುಚ್ಚಳ ತೆಗೆದಾಯ್ತು ಅನ್ಕೊಳ್ತೀನಿ. ಆರ್ಕೊ ಒಂದನ್ನೇ ಬೇರೆ ಮಾಡಿ, ಬಿಸಿಲು ಬೀಳದ ಕಡೆ ಬಟ್ಟೆ ಮೇಲೆ ಬಿಡಿ, ಫ್ಯಾನ್ ಗಾಳಿ ಬಂದ್ರೆ ಒಳ್ಳೇದು. ನಾಳೆ ಬೆಳಿಗ್ಗೆ ಕ್ಯಾಪ್ ಮೂಸಿ ಏನು ವಾಸನೆ ಅಂತ ಇಲ್ಲೇ ಬರೀರಿ. ಜೊತೆಗೆ ಕ್ಲಿಪ್ಪಿನ ಬುಡದ್ದು ಹತ್ತಿರದಿಂದ ಒಂದು ಫೋಟೋ ಹಾಕಿ, ಫ್ಲ್ಯಾಶ್ ಬೇಡ, ಕಿಟಕಿ ಬೆಳಕಲ್ಲಿ. ನಿಮ್ಮ ಎರಡನೇ ಫೋಟೋದಲ್ಲಿ ಅಲ್ಲೊಂದು ಹಸಿರು ಚುಕ್ಕೆ ಕಂಡ ಹಾಗಾಯ್ತು. ಪಕ್ಕದ ಕವರಿನ ನೆರಳೂ ಇರಬಹುದು.