ಮಧುಗಿರಿಯ ಅಮ್ಮನಿಗೆ ಫೋನಿನ ಡಾಕ್ಟರ್ ಸಾಕಾ?

ಅಮ್ಮ ಮಧುಗಿರಿಯಲ್ಲಿ ಒಬ್ಬರೇ ಇದ್ದಾರೆ, ಬಿಪಿ, ಶುಗರ್ ಎರಡೂ ಇದೆ, ಆನ್‌ಲೈನ್ ಡಾಕ್ಟರ್ ಸಾಕಾ, ಆ ಚೀಟಿಗೆ ಊರಿನ ಮೆಡಿಕಲ್‌ನಲ್ಲಿ ಮಾತ್ರೆ ಕೊಡ್ತಾರಾ ಅಂತ ಕೇಳಿದ್ದೀರಿ. ನಾನು ಅದೇ ಊರಿನಲ್ಲಿ ಹನ್ನೊಂದು ವರ್ಷದಿಂದ ಫಾರ್ಮಸಿಸ್ಟ್.

ಕೊಡುತ್ತೇವೆ. 2020ರ ಮಾರ್ಚ್‌ನಲ್ಲಿ ಕೇಂದ್ರದ ಟೆಲಿಮೆಡಿಸಿನ್ ನಿಯಮ ಬಂದ ಮೇಲೆ ಫೋನಿಗೆ ಬಂದ ಚೀಟಿಯೂ ಚೀಟಿಯೇ. ಆದರೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಸಹಿ, ತಾರೀಖು ಇರಲೇಬೇಕು. ಬರೀ ಮಾತ್ರೆ ಹೆಸರು ಟೈಪ್ ಮಾಡಿದ ವಾಟ್ಸಾಪ್ ಮೆಸೇಜ್ ತೋರಿಸಿದರೆ ಕೊಡೋಕೆ ಆಗಲ್ಲ. ಮಾರ್ಫಿನ್‌ನಂಥ ಮತ್ತಿನ ಔಷಧಿಯನ್ನಂತೂ ಫೋನಿನಲ್ಲಿ ಬರೆಯುವಂತೆಯೇ ಇಲ್ಲ.

ಇಲ್ಲಿನ ಹಿರಿಯರಿಗೆ ಮೊದಲ ಸಲ ಡಾಕ್ಟರು ಮುಟ್ಟಿ ನೋಡಬೇಕು. ಕೈಗುಣ ಅನ್ನುತ್ತಾರಲ್ಲ, ಅದು. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಶುಗರ್ ಇದ್ದ ಒಬ್ಬ ಅಜ್ಜ ಕಾಲು ಜೋಮು ಅಂತ ಫೋನಿನಲ್ಲಿ ಹೇಳಿ, ಮಾತ್ರೆ ಬರೆಸಿಕೊಂಡು ಬಂದರು. ನಡಿಗೆ ನೋಡಿ ಅನುಮಾನ ಬಂದು ಚಪ್ಪಲಿ ಬಿಚ್ಚಿಸಿದೆ. ಬೆರಳ ಸಂದಿಯಲ್ಲಿ ಹುಣ್ಣು! ನೋವೇ ಗೊತ್ತಾಗದ ಕಾಲು, ಅವರಿಗೆ ಹುಣ್ಣಾಗಿದ್ದೂ ತಿಳಿದಿರಲಿಲ್ಲ. ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ.

ಎರಡನೇ ಸಲಕ್ಕೆ ಮಾತ್ರ ಇದೇ ಜನ ಫೋನೇ ವಾಸಿ ಅನ್ನುತ್ತಾರೆ. ಅದೇ ಮಾತ್ರೆ ಮುಂದುವರಿಸೋಕೆ ತುಮಕೂರಿನ ಬಸ್ಸು ಹತ್ತಿ ಒಂದು ದಿನದ ಕೂಲಿ ಕಳೆದುಕೊಳ್ಳುವುದು ಯಾಕೆ, ಅಲ್ವಾ?

ಇನ್ನು ಬಿಳಿಸೆರಗು, ತುರಿಕೆ, ಮನಸ್ಸಿನ ಬೇಜಾರು. ನಮ್ಮದು ಚಿಕ್ಕ ಊರು. ಕ್ಲಿನಿಕ್ ಬೆಂಚಿನ ಮೇಲೆ ಕೂತರೆ ಸಾಕು, ಪಕ್ಕದವರು ‘ಏನಮ್ಮ, ಏನಾಯ್ತು?’ ಅಂತ ಶುರು ಮಾಡುತ್ತಾರೆ. ಹೆಣ್ಣುಮಕ್ಕಳು ಇಂಥದ್ದನ್ನು ವರ್ಷಗಟ್ಟಲೆ ನುಂಗಿಕೊಂಡು ಇರುತ್ತಿದ್ದರು. ಈಗ ಫೋನಿನಲ್ಲಿ ಹೇಳಿಕೊಂಡು, ಚೀಟಿ ತೋರಿಸಿ, ಸುಮ್ನೆ ಮಾತ್ರೆ ತಗೊಂಡು ಹೋಗುತ್ತಾರೆ. ಇದೊಂದಕ್ಕೇ ಆನ್‌ಲೈನ್ ಬಂದದ್ದು ಒಳ್ಳೆಯದಾಯ್ತು ಅಂತ ನನಗೆ ಅನಿಸುತ್ತದೆ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416.

ಅಮ್ಮನನ್ನು ಮೊದಲು ಊರಿನ ಡಾಕ್ಟರಿಗೇ ತೋರಿಸಿ. ಕಾಲನ್ನೂ ನೋಡಲು ಹೇಳಿ. ಆಮೇಲೆ ಅದೇ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಬಹುದು. ಅವರು ಸಿಗದಿದ್ದರೆ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಇ-ಸಂಜೀವಿನಿ ಇದೆ, ಉಚಿತ. ಎದೆನೋವು ಬಂದರೆ ಯಾವ ಆ್ಯಪೂ ಬೇಡ, 108ಕ್ಕೆ ಫೋನ್ ಮಾಡಿ. ವಿಡಿಯೋಗೆ ಕೂರುವಾಗ ಹಳೆ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಶೀಟು ಅಮ್ಮನ ಕೈಯಲ್ಲಿ ಇರಲಿ. ಖಾಲಿ ಶೀಟನ್ನೂ ಎಸೆಯಬೇಡಿ ಅನ್ನಿ. ಎಷ್ಟೋ ಅಮ್ಮಂದಿರು ‘ಬಿಳಿ ಮಾತ್ರೆ’ ಅಂತಷ್ಟೇ ಹೇಳುತ್ತಾರೆ.